ಏಳನೇ ಮೆಟ್ಟಿಲಿನ ನಗು

ಆಪ್ತಸಮಾಲೋಚಕರ ನೋಂದಣಿ ಮಂಡಳಿಯ ಮುಂದುವರಿಕೆ ಶಿಕ್ಷಣ ವಿಭಾಗದ ನಿರ್ದೇಶಕರಿಗೆ,

ಮಾನ್ಯರೇ,

ನಿಮ್ಮ ತರಬೇತುದಾರರೊಬ್ಬರು, ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬರಿಗೆ, ಗಂಡನನ್ನು ಕಳೆದುಕೊಂಡ ಹೆಂಗಸು ಹೇಗಿರುತ್ತಾಳೆ ಎಂಬುದನ್ನು ತುಂಬಿದ ಸಭೆಯಲ್ಲಿ ಕಲಿಸಿಕೊಟ್ಟರು. ಸರಿಯಾಗಿ ಬರಲಿಲ್ಲವೆಂದು ಎರಡನೇ ಸಲ ಮಾಡಿಸಿದರು. ಆ ಎರಡನೇ ಸಲದ್ದನ್ನು ಚಿತ್ರೀಕರಿಸಿಕೊಂಡು, ಈಗ ‘ಮಾದರಿ ದುಃಖ’ ಎಂಬ ಹೆಸರಿನಲ್ಲಿ ನಿಮ್ಮ ಎಲ್ಲ ತರಬೇತಿಗಳಲ್ಲೂ ತೋರಿಸುತ್ತಿದ್ದೀರಿ. ಅದೇ ಹೆಂಗಸಿಗೆ ಮೊನ್ನೆ ನಿಮ್ಮ ಕಚೇರಿಯಿಂದ ನೋಟೀಸು ಬಂದಿದೆ: ಈ ತಿಂಗಳ ಕೊನೆಗೆ ಅವರ ನೋಂದಣಿ ರದ್ದಾಗುತ್ತದಂತೆ, ದುಃಖದಲ್ಲಿರುವವರ ಮಾತು ಕೇಳುವ ಅರ್ಹತೆ ಅವರಿಗೆ ಉಳಿಯುವುದಿಲ್ಲವಂತೆ. ದುಃಖಕ್ಕೆ ಮಾದರಿ, ಕೆಲಸಕ್ಕೆ ಗೈರುಹಾಜರಿ! ನನ್ನ ದೂರು ಇಷ್ಟೇ. ಉಳಿದದ್ದೆಲ್ಲ ವಿವರ. ವಿವರ ಓದುವ ಅಭ್ಯಾಸ ನಿಮಗಿಲ್ಲವೆಂದು ನನ್ನ ಹಿಂದಿನ ಪತ್ರಕ್ಕೆ ಬಂದ ಉತ್ತರದಿಂದಲೇ ತಿಳಿಯಿತು. ಹಾಗಾಗಿ ಈ ಸಲ ಬಹಿರಂಗವಾಗಿ ಬರೆಯುತ್ತಿದ್ದೇನೆ. ನೀವು ಓದದಿದ್ದರೆ ನಿಮ್ಮ ಪಕ್ಕದ ಮನೆಯವರಾದರೂ ಓದಿ ನಿಮಗೆ ಹೇಳಲಿ.

ಮೊದಲು ಆ ಹೆಂಗಸಿನ ಪರಿಚಯ. ಆಸ್ಪತ್ರೆಯ ಹಿಂಬದಿಯ ಕಟ್ಟಡದಲ್ಲಿ, ರಕ್ತಪರೀಕ್ಷೆಯ ಕೋಣೆಗೂ ಹಾಸಿಗೆಬಟ್ಟೆ ಒಗೆಯುವ ಕೋಣೆಗೂ ನಡುವೆ ನಮ್ಮ ಕೇಂದ್ರವಿದೆ. ಆ ಕಡೆಯಿಂದ ಸ್ಪಿರಿಟ್ಟಿನ ವಾಸನೆ, ಈ ಕಡೆಯಿಂದ ಸೋಪಿನ ವಾಸನೆ. ನಡುವೆ ಕೂತು ನಾವು ಜನರ ಕಷ್ಟ ಕೇಳುತ್ತೇವೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಅವರನ್ನು ವೈದ್ಯರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ಕರೆಯುವುದು ಅಕ್ಕ ಎಂದೇ. ಮನೆಯವರನ್ನು ಕಳೆದುಕೊಂಡವರಿಗಾಗಿ ಅಕ್ಕ ಪ್ರತಿ ಗುರುವಾರ ಒಂದು ಗುಂಪು ನಡೆಸುತ್ತಿದ್ದರು. ಏಳೆಂಟು ಜನ ದುಂಡಗೆ ಕೂತು ಹೋದವರ ಬಗ್ಗೆ ಮಾತಾಡುವುದು, ಅಷ್ಟೇ. ಅಳುತ್ತಿದ್ದರು, ಸತ್ತವರನ್ನು ಬೈಯುತ್ತಿದ್ದರು, ನಗುತ್ತಿದ್ದರು. ಒಮ್ಮೆ ರಕ್ತಪರೀಕ್ಷೆಯವನು ಬಾಗಿಲಿಗೆ ಬಂದು ದೂರಿದ.

“ಅಕ್ಕಾ, ನಿಮ್ಮ ದುಃಖದವರದ್ದು ಸಿಕ್ಕಾಪಟ್ಟೆ ಗಲಾಟೆ. ಅವರು ನಕ್ಕರೆ ಇಲ್ಲಿ ಗೋಡೆ ಅಲ್ಲಾಡುತ್ತೆ, ನನ್ನ ಕೈಯಲ್ಲಿ ಸೂಜಿ ಇರುತ್ತೆ.”

“ಅಳೋವಾಗ ಒಂದಿನಾನೂ ಬಂದು ಕೇಳ್ಲಿಲ್ಲ ನೀನು, ನಗೋವಾಗ ಓಡಿ ಬಂದ್ಯಲ್ಲ. ಬಾ, ಕೂತ್ಕೋ. ನಿಮ್ಮನೇಲಿ ಯಾರು ಹೋದ್ರು?” ಎಂದರು ಅಕ್ಕ.

ಅವನು ಕೂತ. ಅವನ ತಾತ ಹೋಗಿದ್ದರು.

ಅಕ್ಕನ ಗಂಡ ಬಸ್ ಡ್ರೈವರ್ ಆಗಿ ನಿವೃತ್ತರಾದವರು, ನಮಗೆಲ್ಲ ಭಾವ. ಕಳೆದ ವರ್ಷ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ತೀರಿಕೊಂಡರು. ಸ್ವಲ್ಪ ದಿನ ರಜೆಯ ಮೇಲಿದ್ದ ಅಕ್ಕ ಒಂದು ಗುರುವಾರ ಗುಂಪಿಗೆ ಬಂದು, ತಮ್ಮ ಮಾಮೂಲಿ ಕುರ್ಚಿಯಲ್ಲಿ ಕೂತು, “ಈಗ ನಾನೂ ನಿಮ್ಮ ಪಾರ್ಟಿ” ಎಂದರು. ಇಂಥವರಿಗೆ, ಭಾವ ಹೋದ ನಾಲ್ಕನೇ ತಿಂಗಳಿಗೆ, ನಿಮ್ಮ ಆದೇಶ ತಲುಪಿತು. ನೋಂದಣಿ ನವೀಕರಣವಾಗಬೇಕಿದ್ದರೆ ‘ದುಃಖ ನಿರ್ವಹಣೆ’ ಎಂಬ ಮೂರು ದಿನದ ತರಬೇತಿ ಕಡ್ಡಾಯ.

ದುಃಖ ನಿರ್ವಹಣೆ! ರಸ್ತೆ ನಿರ್ವಹಣೆ, ಚರಂಡಿ ನಿರ್ವಹಣೆ, ಅದರ ಸಾಲಿನಲ್ಲೇ ದುಃಖ ನಿರ್ವಹಣೆ. ಅಳಲು, ಕೊರಗು, ಹಳಹಳಿ, ಸಂಕಟ, ಶೋಕ ಎಂದು ಒಂದೊಂದು ನೋವಿಗೂ ಒಂದೊಂದು ಹೆಸರಿಟ್ಟು ಸಾಕಿದ ಕನ್ನಡದಲ್ಲೇ ಓದಿ ಪದವಿ ಪಡೆದವನು ನಾನು. ಇವನ್ನೆಲ್ಲ ಒಂದೇ ಗೋಣಿಗೆ ತುಂಬಿ ಬಾಯಿ ಹೊಲಿದು ‘ನಿರ್ವಹಣೆ’ ಎಂದು ಚೀಟಿ ಅಂಟಿಸಿದವರ ಧೈರ್ಯಕ್ಕೆ ಕೈ ಮುಗಿದು ನಾನೂ ಹೆಸರು ಕೊಟ್ಟೆ. ನನ್ನ ನೋಂದಣಿಯೂ ಅದೇ ಸರದಿಯಲ್ಲಿತ್ತು.

ನಿಮ್ಮ ಸಭಾಂಗಣವನ್ನು ನೀವು ನೋಡಿದ್ದೀರೋ ಇಲ್ಲವೋ, ಹೇಳಿಬಿಡುತ್ತೇನೆ. ಕುರ್ಚಿಗಳಿಗೆಲ್ಲ ಬಿಳಿ ಬಟ್ಟೆಯ ಅಂಗಿ, ಬೆನ್ನಿಗೆ ಗಂಟು. ಕೂಗುವ ಮೈಕು, ಕೊರೆಯುವ ಎ.ಸಿ. ಮೊದಲ ಒಂದು ಗಂಟೆ ಪರಿಚಯದ ಆಟ: ಒಂದು ಬಣ್ಣದ ಚೆಂಡು ಯಾರ ಕೈಗೆ ಬಂತೋ ಅವರು, ತಾವು ಪ್ರಾಣಿಯಾಗಿದ್ದರೆ ಯಾವ ಪ್ರಾಣಿ ಎಂದು ಹೇಳಬೇಕು. ತಲೆ ನರೆತ ಮನೋವೈದ್ಯರೊಬ್ಬರು ನಾಚಿಕೊಂಡು “ಜಿಂಕೆ” ಎಂದರು. ನಾನು “ಹೇಸರಗತ್ತೆ” ಎಂದೆ. ಪ್ರಾಮಾಣಿಕತೆಗಾಗಿ ಚಪ್ಪಾಳೆ ಸಿಕ್ಕಿತು. ಊಟವಾದ ಮೇಲೆ ಕಣ್ಣು ಮುಚ್ಚಿಸಿ, ಒಳಗಿರುವ ಮಗುವನ್ನು ಎಬ್ಬಿಸಲು ಹೇಳಿದರು. ನಲವತ್ತೈದರ ನನ್ನೊಳಗಿನ ಮಗುವನ್ನು ಉಂಡ ಮೇಲೆ ಎಬ್ಬಿಸಿದರೆ ರಂಪ ಮಾಡುತ್ತದೆ, ಮಲಗಲು ಬಿಟ್ಟೆ. ಉಳಿದಂತೆ ಸ್ಲೈಡು ನೂರು, ಸಾರ ಚೂರು. ಬಾಯಿಗೆ ಬಂದದ್ದು ಬೋಧನೆ, ಕೂತವರಿಗೆ ವೇದನೆ.

ಇದನ್ನೆಲ್ಲ ನಾನು ಸಹಿಸಬಲ್ಲೆ. ಎರಡು ವರ್ಷಕ್ಕೊಮ್ಮೆ ಪ್ರಾಣಿಯಾಗುವುದು ನಮ್ಮ ಕಸುಬಿನ ಋಣ. ಸಹಿಸಲಾರದ್ದು ಏಣಿ. ನಿಮ್ಮ ತರಬೇತುದಾರರು ಪರದೆಯ ಮೇಲೆ ಒಂದು ಏಣಿಯ ಚಿತ್ರ ತೋರಿಸಿದರು. ದುಃಖಕ್ಕೆ ಏಳು ಮೆಟ್ಟಿಲು. ಮೊದಲನೆಯದು ಆಘಾತ, ಎರಡನೆಯದು ನಿರಾಕರಣೆ, ಹೀಗೆ ಹತ್ತುತ್ತ ಹೋದರೆ ತುದಿಯಲ್ಲಿ ಹಲ್ಲು ಕಿರಿಯುವ ಸೂರ್ಯ. ಅದು ಏಳನೆಯದು, ನಗು. ಮೆಟ್ಟಿಲು ಹಾರುವ ಹಾಗಿಲ್ಲ, ಕೆಳಗಿಳಿಯುವ ಹಾಗಿಲ್ಲ. ಅಂದಿನಿಂದ ಅವರಿಗೆ ನಮ್ಮ ಸಾಲಿನಲ್ಲಿ ಏಣಿ ಮೇಷ್ಟ್ರು ಎಂದೇ ಹೆಸರು. ಅವರು ಹನ್ನೆರಡು ವರ್ಷದಿಂದ ‘ಪೂರ್ಣಾವಧಿ ತರಬೇತುದಾರ’ರಂತೆ, ಹೆಮ್ಮೆಯಿಂದ ಹೇಳಿಕೊಂಡರು. ಅಂದರೆ ಕಷ್ಟ ಹೇಳಿಕೊಂಡು ಬಂದ ಒಬ್ಬೇ ಒಬ್ಬ ಮನುಷ್ಯನ ಎದುರು ಅವರು ಕೂತು ಹನ್ನೆರಡು ವರ್ಷವಾಯಿತು. ಇದು ಕೂಡ ಹೆಮ್ಮೆಯ ವಿಷಯವಾದ ಮೇಲೆ, ಬಸ್ಸನ್ನೇ ಮುಟ್ಟದವರಿಂದ ಡ್ರೈವರುಗಳಿಗೆ ಪಾಠ ಹೇಳಿಸಲು ಯಾರ ಅಡ್ಡಿ?

ಎರಡನೇ ದಿನ ಅಭಿನಯದ ಪಾಠ. ಮೂವರದ್ದೊಂದು ಗುಂಪು: ಒಬ್ಬರು ಸಮಾಲೋಚಕರಾಗಬೇಕು, ಒಬ್ಬರು ಕಷ್ಟ ಹೇಳಿಕೊಂಡು ಬಂದವರಾಗಬೇಕು, ಒಬ್ಬರು ನೋಡಿ ಅಂಕ ಹಾಕಬೇಕು. ಯಾರಿಗೆ ಯಾವ ಕಷ್ಟ ಎಂಬುದು ಚೀಟಿಯಲ್ಲಿ. ಸ್ಟೀಲಿನ ಬೋಗುಣಿಯಲ್ಲಿ ಮಡಚಿದ ಚೀಟಿಗಳನ್ನು ಹಾಕಿಕೊಂಡು ಸಾಲು ಸಾಲಾಗಿ ಬಂದರು. ಅಷ್ಟು ಜನ ಕೂತ ಸಭೆಯಲ್ಲಿ ಯಾರ ಮನೆಯಲ್ಲಿ ಈಚೆಗೆ ಏನಾಗಿದೆ ಎಂದು ಒಂದು ಮಾತು ಕೇಳದೆ, ಸಾವುಗಳನ್ನು ಸಿಹಿ ಹಂಚಿದಂತೆ ಹಂಚುವ ಬುದ್ಧಿ ಮನಸ್ಸಿನ ತಜ್ಞರಿಗಲ್ಲದೆ ಇನ್ನಾರಿಗೆ ಬಂದೀತು? ಚಪ್ಪಲಿ ಮಾರುವವನೂ ಮೊದಲು ಗಿರಾಕಿಯ ಕಾಲು ನೋಡುತ್ತಾನೆ. ಅಕ್ಕ ಎತ್ತಿದ ಚೀಟಿಯಲ್ಲಿ ಹೀಗಿತ್ತು: ‘ಇತ್ತೀಚೆಗೆ ಗಂಡನನ್ನು ಕಳೆದುಕೊಂಡ ಮಹಿಳೆ.’

“ಅಕ್ಕಾ, ವಾಪಸ್ ಹಾಕಿ, ಬೇರೆ ತಗೊಳ್ಳಿ” ಎಂದೆ.

“ಇರ್ಲಿ ಬಿಡೋ. ಇದಕ್ಕಾದ್ರೆ ರಿಹರ್ಸಲ್ ಬೇಕಾಗಿಲ್ಲ.”

ನಾನು ಸಮಾಲೋಚಕನಾದೆ. ಅಂಕ ಹಾಕಲು ಒಂದು ಶಾಲೆಯ ಸಮಾಲೋಚಕಿ ಕೂತರು. ನಡುವೆ ನಿಮ್ಮವರೇ ಇಟ್ಟ ಟಿಶ್ಯೂ ಡಬ್ಬಿ. ಅದನ್ನು ಕೈಗೆ ಸಿಗುವಂತೆ ಇಡಬೇಕು, ಎಂದೂ ಕೈಗೆ ಕೊಡಬಾರದು. ಕೊಟ್ಟರೆ ‘ಅಳು ಸಾಕು’ ಎಂದು ಹೇಳಿದಂತೆ. ಇದು ನಮ್ಮ ಕಸುಬಿನ ಅ ಆ ಇ ಈ, ಬೆಳಿಗ್ಗೆ ಏಣಿ ಮೇಷ್ಟ್ರೇ ಇನ್ನೊಮ್ಮೆ ಹೇಳಿದ್ದರು. ಅಕ್ಕ ಸೆರಗು ಸರಿಮಾಡಿಕೊಂಡು ಶುರುಮಾಡಿದರು.

“ನಮ್ಮನೇಲಿ ಕುಕ್ಕರ್ ಸೀಟಿ ಎಣಿಸೋದು ಅವರ ಡಿಪಾರ್ಟ್‌ಮೆಂಟು. ಸ್ನಾನಕ್ಕೆ ಹೋಗಿರ್ಲಿ, ಮಹಡಿ ಮೇಲೆ ಬಟ್ಟೆ ಒಣಗಿಸ್ತಿರ್ಲಿ, ಅಲ್ಲಿಂದ್ಲೇ ಕೂಗೋರು, ‘ಒಂದಾಯ್ತೂ, ಎರಡಾಯ್ತೂ’ ಅಂತ. ಮೂರಾಯ್ತು ಅಂದ್ರೆ ನಾನು ಆಫ್ ಮಾಡ್ಬೇಕು. ಅವತ್ತು ಬೆಳಿಗ್ಗೆ ಎರಡಾಯ್ತೂ ಅಂದ್ರು. ಮೂರನೇದು ಕುಕ್ಕರ್ ಕೂಗ್ತು. ಇವರು ಕೂಗ್ಲಿಲ್ಲ.”

ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ನಾನು ಕೇಳುತ್ತ ಕೂತೆ, ನನ್ನ ಪಾತ್ರವೂ ಅದೇ, ಕಸುಬೂ ಅದೇ.

“ಆಮೇಲೆ ಆ ಒಲೆ ಯಾರು ಆರಿಸಿದ್ರೋ, ಅಷ್ಟರಲ್ಲಿ ಎಷ್ಟು ಸೀಟಿ ಹೊಡೆದಿತ್ತೋ. ಸಂಜೆ ನಮ್ಮ ಅತ್ತಿಗೆ ಬಲವಂತ ಮಾಡಿ ನನಗೆ ಎರಡು ತುತ್ತು ತಿನ್ಸಿದ್ಳು. ಕುಕ್ಕರಲ್ಲಿದ್ದ ಕಾಳು ಬೆಣ್ಣೆ ಥರ ಬೆಂದಿತ್ತು ಕಣೋ! ಮದುವೆ ಆದಾಗಿಂದ ಈ ಮನುಷ್ಯ ಎಣಿಸಿ ಎಣಿಸಿ ನನಗೆ ಅರೆಬೆಂದ ಕಾಳು ತಿನ್ಸಿದಾರೆ ಅಂತ ಅವತ್ತು ಗೊತ್ತಾಯ್ತು. ಜಗಳ ಆಡೋಣ ಅಂತ ತಿರುಗಿದ್ರೆ, ಆಸಾಮಿನೇ ಇಲ್ಲ!”

ಹೇಳಿ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಶಾಲೆಯ ಸಮಾಲೋಚಕಿ ನಗುತ್ತಲೇ ಅತ್ತುಬಿಟ್ಟರು; ಅಂಕದ ಹಾಳೆ ಒದ್ದೆಯಾಯಿತು. ಮಾನ್ಯರೇ, ಗಂಡ ಹೆಂಡತಿಯ ಇಡೀ ಸಂಸಾರ ಆ ಕುಕ್ಕರಿನಲ್ಲಿತ್ತು. ಪ್ರೀತಿ, ಅಭ್ಯಾಸ, ಸಿಟ್ಟು, ಈಗ ಯಾರ ಹತ್ತಿರ ಜಗಳವಾಡಲಿ ಎಂಬ ಪ್ರಶ್ನೆ, ಎಲ್ಲ. ನಿಮ್ಮ ಮೂರು ದಿನದಲ್ಲಿ ದುಃಖದ ಬಗ್ಗೆ ಯಾರಾದರೂ ಏನಾದರೂ ಹೇಳಿದ್ದರೆ ಅದು ಇದೊಂದೇ. ಆ ಹೊತ್ತಿಗೆ ಏಣಿ ಮೇಷ್ಟ್ರು ನಮ್ಮ ಬೆನ್ನ ಹಿಂದೆ ಬಂದು ನಿಂತಿದ್ದರು.

“ಸ್ಟಾಪ್, ಸ್ಟಾಪ್. ಇಲ್ಲಿ ನಗು ಯಾಕೆ ಬಂತು ಮೇಡಂ?”

“ಬಂತು ಸರ್.”

“ಬರಬಾರದು. ನಿಮ್ಮ ಪಾತ್ರಕ್ಕೆ ಗಂಡ ಹೋಗಿ ಎಷ್ಟು ದಿನ ಆಗಿದೆ?”

“ನಾಲ್ಕು ತಿಂಗಳು.”

“ನಾಲ್ಕು ತಿಂಗಳಿಗೆ ನೀವು ಎರಡನೇ ಮೆಟ್ಟಿಲಲ್ಲಿರ್ತೀರಿ. ನಗು ಏಳನೇದು. ಮತ್ತೆ ಈ ಕುಕ್ಕರ್ ಕಥೆ ಇದೆಯಲ್ಲ, ಸ್ವಲ್ಪ ನಾಟಕ ಅನ್ಸುತ್ತೆ. ನಿಜವಾದ ವಿಧವೆ ಹೀಗೆ ಮಾತಾಡಲ್ಲ.”

ನಾನು ಬಾಯಿ ತೆರೆದೆ. ಕುರ್ಚಿಯ ಕೆಳಗೆ ಅಕ್ಕನ ಕಾಲು ನನ್ನ ಕಾಲನ್ನು ಒತ್ತಿತು, ಸುಮ್ಮನಿರು ಎಂದರ್ಥ. ಮೇಷ್ಟ್ರು ಅವರನ್ನು ವೇದಿಕೆಗೆ ಕರೆದೊಯ್ದರು, ಮೈಕು ಕೊಟ್ಟರು, ಕ್ಯಾಮೆರಾದವನಿಗೆ ಸನ್ನೆ ಮಾಡಿದರು. “ಎಲ್ಲರೂ ಗಮನಿಸಿ. ಮೇಡಂ ಇನ್ನೊಂದ್ಸಲ ಮಾಡ್ತಾರೆ. ಕುಕ್ಕರ್ ಬೇಡ ಮೇಡಂ. ಸ್ವಲ್ಪ ಒಳಗಿಂದ ಬರ್ಲಿ.”

ಅಕ್ಕ ಕುಕ್ಕರ್ ಬಿಟ್ಟು ಮಾಡಿದರು. ‘ಅವರಿಲ್ಲದೆ ನಾನು ಹೇಗೆ ಬದುಕಲಿ, ಜೀವನವೇ ಕತ್ತಲಾಯಿತು’ ಎಂಬಂಥ, ಅವರ ಬಾಯಿಂದ ನಾನು ಎಂದೂ ಕೇಳದ ಮಾತುಗಳು. ಸೆರಗಿನಲ್ಲಿ ಮುಖ ಮುಚ್ಚಿ ಅತ್ತರು. ಸಭೆಯಲ್ಲಿ ಚಪ್ಪಾಳೆ. ಮೇಷ್ಟ್ರು ತಾವೇ ಟಿಶ್ಯೂ ಎಳೆದು ಅವರ ಕೈಗೆ ಕೊಟ್ಟು, “ನೋಡಿದ್ರಾ, ಈಗ ನಂಬಿಕೆ ಬಂತು” ಎಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದವನನ್ನು ಮೂರ್ಖ ಎನ್ನುತ್ತೇವೆ. ಕಣ್ಣೆದುರೇ ಈದ ಹಸುವನ್ನು, ನೀನು ಎತ್ತು, ಹೋಗಿ ಉಳು ಎಂದವರನ್ನು ಏನನ್ನಬೇಕು? ನೀವು ‘ಪರಿಣತ ತರಬೇತುದಾರ, ಮೊದಲ ಶ್ರೇಣಿ’ ಎನ್ನುತ್ತೀರಿ.

ಚಹಾ ವಿರಾಮದಲ್ಲಿ ನಾನು ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಹೇಳಿದೆ: “ಸರ್, ಅವರ ಗಂಡ ನಿಜವಾಗ್ಲೂ ನಾಲ್ಕು ತಿಂಗಳ ಹಿಂದೆ ಹೋದ್ರು. ಕುಕ್ಕರ್ ನಿಜ. ಎರಡನೇದು ನಾಟಕ.” ಮನುಷ್ಯ ಈಗಲಾದರೂ ನಾಲಿಗೆ ಕಚ್ಚಿಕೊಳ್ಳುತ್ತಾರೆ ಎಂದು ಕಾದೆ. ಅವರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಮುರಿಯುವ ಮೊದಲು ಜಾಣತನದಿಂದ ಬಾಯಿಗಿಟ್ಟುಕೊಂಡು ಹೇಳಿದರು:

“ಓ! ಹಾಗಾದ್ರೆ ಪೂರ್ತಿ ನಿರಾಕರಣೆಯಲ್ಲಿದಾರೆ. ಪಾಪ, ಯಾರಾದ್ರೂ ಒಳ್ಳೇ ಕೌನ್ಸೆಲರ್‌ನ ನೋಡೋಕೆ ಹೇಳಿ.”

ಏಣಿ ಗೋಡೆಗೆ ಹೊಂದದಿದ್ದರೆ ಗೋಡೆಯೇ ತಪ್ಪು, ಏಣಿ ಮಾತ್ರ ತಪ್ಪಾಗುವುದಿಲ್ಲ!

ಮೂರನೇ ದಿನ ಅಕ್ಕ ಬರಲಿಲ್ಲ. ನಿಮ್ಮ ನೋಟೀಸಿನಲ್ಲಿ ‘ಅಪೂರ್ಣ ಹಾಜರಾತಿ’ ಎಂದಿರುವುದು ಇದನ್ನೇ. ಎರಡನೇ ದಿನ ಅವರು ಕೊಟ್ಟದ್ದಕ್ಕಿಂತ ಪೂರ್ಣವಾದ ಹಾಜರಾತಿ ನಿಮ್ಮ ಸಭಾಂಗಣ ಕಂಡಿಲ್ಲ. ಅದನ್ನು ಅಳಿಸಿಹಾಕಿ ಇನ್ನೊಂದನ್ನು ಬರೆಸಿಕೊಂಡವರು ನೀವು. ನಾನು ನಿಮಗೆ ದೂರು ಬರೆದೆ. ಆ ತರಬೇತುದಾರರಿಗೆ ಶಿಬಿರಾರ್ಥಿಗಳೆಲ್ಲ ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದಾರೆಂದು ಉತ್ತರ ಬಂತು. ಐದೂ ನಕ್ಷತ್ರ ಒತ್ತದೆ ಜಾಲತಾಣದಿಂದ ಪ್ರಮಾಣಪತ್ರ ಇಳಿಯುವುದಿಲ್ಲವೆಂಬ ಏರ್ಪಾಡು ಮಾಡಿದವರೂ ನೀವೇ ಅಲ್ಲವೇ? ನಾನೂ ಒತ್ತಿದ್ದೇನೆ. ಆಕಾಶದಲ್ಲಿ ಇಷ್ಟು ನಕ್ಷತ್ರಗಳಿದ್ದರೂ ಕತ್ತಲೆಯೇಕೆ ಎಂದು ಚಿಕ್ಕಂದಿನಲ್ಲಿ ಕೇಳುತ್ತಿದ್ದೆ, ಈಗ ಗೊತ್ತಾಯಿತು. ವಿಡಿಯೋ ಅಳಿಸಿಹಾಕಿ ಎಂದಿದ್ದಕ್ಕೆ, ಹಾಜರಿ ಹಾಳೆಯ ಅಡಿಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ‘ಚಿತ್ರೀಕರಣಕ್ಕೆ ಒಪ್ಪಿಗೆಯಿದೆ’ ಎಂದು ಅಚ್ಚಾಗಿರುವುದನ್ನು ತೋರಿಸಿದಿರಿ. ಒಪ್ಪಿಗೆ ಎಂದರೇನು ಎಂಬ ವಿಷಯದ ಮೇಲೆ ನಿಮ್ಮಲ್ಲಿ ಪ್ರತ್ಯೇಕವಾದ ಎರಡು ದಿನದ ತರಬೇತಿಯಿದೆ. ದಯವಿಟ್ಟು ಸೇರಿಕೊಳ್ಳಿ.

ಏಣಿ ಸಭಾಂಗಣದಲ್ಲೇ ಉಳಿದಿದ್ದರೆ ನಾನು ಇಷ್ಟು ಕೂಗಾಡುತ್ತಿರಲಿಲ್ಲ. ಅದು ನಮ್ಮ ಕೋಣೆಗೂ ಬಂತು. ತರಬೇತಿಯಿಂದ ಬಂದ ಮೇಲೆ ಅಕ್ಕ ಗುರುವಾರದ ಗುಂಪನ್ನು ಬಿಟ್ಟುಕೊಟ್ಟರು. “ಸ್ವಲ್ಪ ದಿನ ಬೇಡ. ಯಾವುದು ಸರಿ ಅಂತ ನನಗೇ ಗೊತ್ತಾಗ್ತಿಲ್ಲ” ಎಂದರು. ಅವರ ಜಾಗದಲ್ಲಿ ಕೂತ ನಮ್ಮ ಕಿರಿಯ ಸಮಾಲೋಚಕಿ ನಿಮ್ಮ ಮುಂದಿನ ತಂಡದಲ್ಲಿ ತರಬೇತಿ ಮುಗಿಸಿ ಬಂದವಳು. ಏಣಿಯ ಚಿತ್ರವನ್ನು ಗೋಡೆಗೆ ಅಂಟಿಸಿದಳು. ಅವಳನ್ನು ದೂರುವುದಿಲ್ಲ, ಕಲಿಸಿದ್ದನ್ನು ಕಲಿತಳು, ಅಷ್ಟೇ. ಆ ಗುಂಪಿಗೆ ತಾಯಿ ತೀರಿಕೊಂಡ ಅಣ್ಣ ತಂಗಿ ಒಟ್ಟಿಗೆ ಬರುತ್ತಿದ್ದರು, ಅಣ್ಣ ದರ್ಜಿ, ತಂಗಿಗೆ ಬೇಕರಿಯಲ್ಲಿ ಕೆಲಸ. ಒಂದು ದಿನ ದರ್ಜಿ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ.

“ಸಾರ್, ನಮ್ಮ ತಂಗಿ ಐದನೇ ಮೆಟ್ಟಿಲಿಗೆ ಹೋದ್ಳಂತೆ. ನಾನಿನ್ನೂ ಎರಡರಲ್ಲೇ ಇದೀನಂತೆ. ಅಮ್ಮನ ಜೊತೆ ಕೊನೇವರೆಗೂ ಇದ್ದೋನು ನಾನು ಸಾರ್. ಅವಳಿಗೆ ಹೆಂಗೆ ಬಡ್ತಿ ಸಿಕ್ತು?”

ನಗಬೇಡಿ ಮಾನ್ಯರೇ, ನಿಮ್ಮದು ಏಳನೇ ಮೆಟ್ಟಿಲು ಆಗಿದ್ದರೆ ಮಾತ್ರ ನಗಿ. ಈಗ ಅವರಿಬ್ಬರೂ ಗುಂಪಿಗೆ ಬರುತ್ತಿಲ್ಲ. ಒಬ್ಬರೊಂದಿಗೊಬ್ಬರು ಮಾತೂ ಬಿಟ್ಟಿದ್ದಾರೆಂದು ಕೇಳಿದೆ. ಗುರುವಾರ ಈಗ ನಮ್ಮ ಕೋಣೆ ನಿಶ್ಶಬ್ದ. ಒಂದು ಕಡೆ ಬಟ್ಟೆ ಒಗೆಯುವ ಯಂತ್ರದ ಗುಂಯ್ ಎನ್ನುವ ಸದ್ದು ಮಾತ್ರ. ಮೊನ್ನೆ ರಕ್ತಪರೀಕ್ಷೆಯವನು ಮತ್ತೆ ಬಾಗಿಲಿಗೆ ಬಂದು, “ಏನ್ ಸಾರ್, ನಿಮ್ಮ ದುಃಖದವರೆಲ್ಲ ವಾಸಿ ಆಗ್ಬಿಟ್ರಾ?” ಎಂದು ಕೇಳಿದ.

ಕಲಿಯುವುದೇ ಬೇಡ ಎನ್ನುವ ಸೋಮಾರಿಯೆಂದು ನನ್ನನ್ನು ತಳ್ಳಿಹಾಕಬೇಡಿ. ಬಹಳ ಹಿಂದೆ ನಿಮ್ಮ ಮಂಡಳಿಯೇ ಕಳಿಸಿದ್ದ ಒಬ್ಬ ಬೋಧಕಿಯಿಂದ ನಾನು ಕಲಿತಿದ್ದೇನೆ. ಬೆಳಿಗ್ಗೆ ರೋಗಿಗಳನ್ನು ನೋಡಿ, ಮಧ್ಯಾಹ್ನ ಬಂದು ಪಾಠ ಹೇಳುತ್ತಿದ್ದರು. ಚೆಂಡಿಲ್ಲ, ಪ್ರಾಣಿಯಿಲ್ಲ, ಏಣಿಯಿಲ್ಲ. ಬ್ಯಾಗು ಕೆಳಗಿಟ್ಟು, “ಇವತ್ತು ಬೆಳಿಗ್ಗೆ ಒಬ್ಬರ ಹತ್ರ ನಾನು ಬಾಯಿ ಮುಚ್ಕೊಂಡಿರಬೇಕಿತ್ತು, ಮುಚ್ಚಲಿಲ್ಲ. ಯಾಕಿರಬಹುದು, ಹೇಳಿ” ಎಂದು ಶುರುಮಾಡುತ್ತಿದ್ದರು. ಅವರನ್ನು ನೀವು ಕೈಬಿಟ್ಟಿರಿ. ಸ್ಲೈಡು ಇರಲಿಲ್ಲವಂತೆ. ಹಾಗಾದರೆ ಕಲಿಸುವವರನ್ನು ನೀವು ಆರಿಸುವ ಅಳತೆಗೋಲು ಯಾವುದು? ನಮಗೆ ಎರಡು ವರ್ಷಕ್ಕೊಮ್ಮೆ ನವೀಕರಣ, ನಮಗೆ ಕಲಿಸುವವರಿಗೆ? ನಮ್ಮ ಜ್ಞಾನಕ್ಕೆ ತುಕ್ಕು, ಅವರ ಏಣಿಗೆ ಮಾತ್ರ ಎಣ್ಣೆಯೇ ಬೇಡವೇ?

ನೋಟೀಸು ಬಂದ ಮರುದಿನ ಅಕ್ಕ ತಮ್ಮ ಮೇಜಿನ ಸಾಮಾನನ್ನು ಚೀಲಕ್ಕೆ ತುಂಬುತ್ತಿದ್ದರು. ಒಂದು ಕನ್ನಡಕದ ಪೆಟ್ಟಿಗೆ, ನೀರಿನ ಬಾಟಲಿ, ಭಾವನ ಹಳೆಯ ಬಸ್ಸಿನ ಕೀಲಿಗೊಂಚಲು. ನಿಮಗೆ ಪತ್ರ ಬರೆಯುತ್ತಿದ್ದೇನೆ, ಆ ವಿಡಿಯೋ ಅಳಿಸಿಹಾಕಿಸುತ್ತೇನೆ ಎಂದೆ. ಅವರು ಕೀಲಿಗೊಂಚಲು ಹಿಡಿದುಕೊಂಡೇ ತಲೆಯೆತ್ತಿದರು.

“ನೀನು ನೋಡಿದ್ಯೇನೋ ಅದನ್ನ? ಎಷ್ಟು ಕೆಟ್ಟದಾಗಿ ಅಳ್ತೀನಿ ಗೊತ್ತಾ! ನಿಮ್ಮ ಭಾವ ನೋಡಿದ್ದಿದ್ರೆ ಟಿಕೆಟ್ ದುಡ್ಡು ವಾಪಸ್ ಕೇಳ್ತಿದ್ರು.”

ಹೇಳಿ ನಕ್ಕರು. ತಿಂಗಳುಗಳ ಮೇಲೆ ಕೇಳಿದ ಅಕ್ಕನ ನಗು ಅದು. ನಾನೂ ನಕ್ಕೆ. ಆದರೆ ಅವರದು ಅರ್ಧಕ್ಕೇ ನಿಂತಿತು. ಕೈಯಲ್ಲಿದ್ದ ಕೀಲಿಗೊಂಚಲನ್ನು ಚೀಲಕ್ಕೆ ಹಾಕಿ, ನನ್ನ ಮುಖ ನೋಡಿ, ಸಣ್ಣ ದನಿಯಲ್ಲಿ ಕೇಳಿದರು:

“ನಕ್ಕುಬಿಟ್ನಲ್ಲೋ. ಪರವಾಗಿಲ್ವಾ?”

ಮಾನ್ಯರೇ, ಅದೆಷ್ಟೋ ಮನೆಗಳ ದುಃಖವನ್ನು ಕೂತು ಕೇಳಿದ ಹೆಂಗಸು, ತನ್ನ ಗಂಡನನ್ನು ನೆನೆದು ನಗಬಹುದೇ ಎಂದು ತನ್ನ ಕಿರಿಯನ ಅಪ್ಪಣೆ ಕೇಳುತ್ತಿದ್ದಾರೆ. ನಿಮ್ಮ ತರಬೇತಿಯಿಂದ ಅವರು ಕಲಿತದ್ದು ಇದೊಂದೇ. ‘ಪರವಾಗಿಲ್ಲ ಅಕ್ಕಾ’ ಎಂದು ನಾನು ಹೇಳಿದೆ, ಆದರೆ ನನ್ನ ಮಾತು ಸಾಲಲಿಲ್ಲ. ಅವರ ಮುಖದಲ್ಲಿ ಕಂಡಿತು. ಕಸಿದುಕೊಂಡವರೇ ಹಿಂದಿರುಗಿಸಬೇಕು.

ಆದ್ದರಿಂದ ನನ್ನ ಬೇಡಿಕೆ. ವಿಡಿಯೋ ಅಳಿಸಿ. ಅಕ್ಕನ ನೋಂದಣಿಯನ್ನು ತಿಂಗಳು ಮುಗಿಯುವ ಮೊದಲು ನವೀಕರಿಸಿ. ವಾರಕ್ಕೊಂದು ದಿನವಾದರೂ ಕಷ್ಟದಲ್ಲಿರುವವರ ಎದುರು ಕೂರದವರನ್ನು ನಮಗೆ ಕಲಿಸಲು ಕಳಿಸಬೇಡಿ. ಇವೆಲ್ಲ ನಿಮಗೆ ಕಷ್ಟ, ಸಮಿತಿ ಬೇಕು, ಉಪಸಮಿತಿ ಬೇಕು, ಗೊತ್ತಿದೆ. ಆದರೆ ಅದಕ್ಕೂ ಮೊದಲು ಒಂದು ಕೆಲಸವನ್ನು ಇವತ್ತೇ ಮಾಡಬಹುದು. ಮಂಡಳಿಯ ಹೆಸರು ಅಚ್ಚಾದ ಕಾಗದದಲ್ಲಿ, ನಿಮ್ಮ ಸಹಿಯೊಂದಿಗೆ, ಆ ದುಂಡನೆಯ ನೇರಳೆ ಮುದ್ರೆಯೊತ್ತಿ, ಅಕ್ಕನ ವಿಳಾಸಕ್ಕೆ ಒಂದೇ ಸಾಲು ಬರೆದು ಕಳಿಸಿ: ‘ತಾವು ನಗಬಹುದು. ಕುಕ್ಕರ್ ಸಮೇತ.’

ಅದರ ಒಂದು ಪ್ರತಿಯನ್ನು ನಾನು ನಮ್ಮ ಗೋಡೆಯ ಮೇಲಿನ ಏಣಿಯ ಮೇಲೇ ಅಂಟಿಸುತ್ತೇನೆ. ಆಮೇಲೆ ಗುರುವಾರ ಗೋಡೆ ಅಲ್ಲಾಡಿದರೆ, ರಕ್ತಪರೀಕ್ಷೆಯವನಿಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಏಣಿ ಹತ್ತಲಾರದ, ಅಕ್ಕನ ಕುರ್ಚಿ ಖಾಲಿ ನೋಡಲಾರದ,
ಐದು ನಕ್ಷತ್ರ ಒತ್ತಿ ನವೀಕರಣಗೊಂಡ
ಒಬ್ಬ ಹೇಸರಗತ್ತೆ